ಬ್ಯಾಂಕು ಸಾಲ ಕೊಟ್ಟರೆ ಊರಿನ ವ್ಯಾಪಾರ ಬೆಳೆಯುತ್ತಾ?

ಓದುಗರ ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ನನ್ನದು ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಅಂಗಡಿ. 11 ವರ್ಷ ಆಯ್ತು. 2022, 2023ರಲ್ಲಿ ವ್ಯಾಪಾರ ಜೋರಾಗಿತ್ತು. ಹತ್ತು ಗಿರಾಕಿಗಳಲ್ಲಿ ಏಳು ಜನ ಕಂತಿನ ಮೇಲೆ ಒಯ್ಯುತ್ತಿದ್ದರು. ಆಮೇಲೆ ಕಂತಿನ ಅರ್ಜಿಗಳು ವಾಪಸ್ ಬರೋದು ಜಾಸ್ತಿ ಆಯ್ತು, ವ್ಯಾಪಾರ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿ.ವಿ., ಎ.ಸಿ. ಮೇಲಿನ ಜಿಎಸ್‌ಟಿ ಇಳಿದ ಮೇಲೆ ಸ್ವಲ್ಪ ಚೇತರಿಸಿದೆ. ಈಗ ಒಂದು ಖಾಸಗಿ ಬ್ಯಾಂಕಿನವರು ಬೆನ್ನು ಬಿದ್ದಿದ್ದಾರೆ. ಮನೆ ಅಡಮಾನದ ಮೇಲೆ 25 ಲಕ್ಷ ಕೊಡ್ತೀವಿ, ಎರಡನೇ ಅಂಗಡಿ ಹಾಕಿ ಅಂತಾರೆ. ಮನೆ ನನ್ನ ಹೆಂಡತಿ ಹೆಸರಲ್ಲಿದೆ. ಬಿ.ಕಾಂ. ಓದುತ್ತಿರುವ ಮಗ, ಬ್ಯಾಂಕು ಸಾಲ ಕೊಟ್ಟರೇನೇ ಊರು ಬೆಳೆಯೋದು ಅಂತಾನೆ. ಹತ್ತಿ ಗಿರಣಿಯಲ್ಲಿ ದುಡಿದ ನನ್ನ ಅಪ್ಪ, ಸಾಲದಿಂದ ಯಾವ ಊರೂ ಉದ್ಧಾರ ಆಗಿಲ್ಲ ಅಂತಾರೆ. ನಮ್ಮ ಠೇವಣಿ ದುಡ್ಡನ್ನ ಎತ್ತಿ ಬೆಂಗಳೂರಿಗೆ ಕೊಡ್ತಾರೆ, ನಮಗೆ ಬರೀ ಬಡ್ಡಿ ಅನ್ನೋದು ಭಾವನ ಮಾತು. ಇವರಲ್ಲಿ ಯಾರು ಸರಿ? ನಾನು ಸಾಲ ತಗೊಳ್ಳಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಭಯ ಒಂದೇ. ಊರಿನ ವ್ಯಾಪಾರ ಎದ್ದಿದೆ ಅಂತ ನಂಬಿ ಮನೆ ಅಡ ಇಟ್ಟ ಮೇಲೆ ಅದು ಮತ್ತೆ ಮಲಗಿಬಿಟ್ಟರೆ ಏನು ಗತಿ, ಅಲ್ವಾ? ಆ ಭಯ ಸರಿಯಾದದ್ದೇ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ 28 ವರ್ಷ ಕೆಲಸ ಮಾಡಿದೆ. ಅದರಲ್ಲಿ ಒಂಬತ್ತು ವರ್ಷ ದಾವಣಗೆರೆ, ಚಿತ್ರದುರ್ಗದ ಕಡೆಯೇ ಇದ್ದೆ. ವ್ಯಾಪಾರ ಏರಿದಾಗ ಸಾಲ ತಗೊಂಡು ಇಳಿದಾಗ ಸಿಕ್ಕಿಬಿದ್ದವರನ್ನು ನನ್ನ ಮೇಜಿನ ಎದುರಿಗೇ ಕೂರಿಸಿಕೊಂಡು ಮಾತಾಡಿದ್ದೇನೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಿಮ್ಮ ಭಾವನವರ ಮಾತು ನೋಡೋಣ. ಬ್ಯಾಂಕು ಒಬ್ಬರ ಠೇವಣಿಯನ್ನು ಎತ್ತಿ ಇನ್ನೊಬ್ಬರಿಗೆ ಕೊಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ನಡೆಯೋದು ಬೇರೆ. ಮಂಡಕ್ಕಿ ಭಟ್ಟಿಯವರೊಬ್ಬರಿಗೆ ಭತ್ತ ಕೊಳ್ಳಲು ಬ್ಯಾಂಕು 10 ಲಕ್ಷ ಸಾಲ ಕೊಟ್ಟಿತು ಅನ್ನಿ. ಆಗ ಯಾರ ಖಾತೆಯಿಂದಲೂ 10 ಲಕ್ಷ ಕಳೆಯುವುದಿಲ್ಲ. ನಿಮ್ಮ ಅಪ್ಪನ ಠೇವಣಿ ಇದ್ದ ಹಾಗೇ ಇರುತ್ತದೆ. ಬ್ಯಾಂಕು ಲೆಕ್ಕದ ಒಂದು ಕಡೆ ಭಟ್ಟಿಯವರಿಂದ ಬರಬೇಕಾದ ಸಾಲ 10 ಲಕ್ಷ ಅಂತ ಬರೆಯುತ್ತದೆ. ಇನ್ನೊಂದು ಕಡೆ ಅವರ ಖಾತೆಗೆ 10 ಲಕ್ಷ ಜಮಾ ಮಾಡುತ್ತದೆ. ಬೆಳಿಗ್ಗೆ ಊರಲ್ಲಿ ಇಲ್ಲದ 10 ಲಕ್ಷ ಸಂಜೆಗೆ ಇದೆ. ಅದು ಭತ್ತದ ವರ್ತಕರಿಗೆ, ಅಲ್ಲಿಂದ ರೈತರಿಗೆ, ಹಮಾಲರಿಗೆ, ಲಾರಿಯವರಿಗೆ ಹೋಗುತ್ತದೆ. ಅದರಲ್ಲಿ ಯಾರೋ ಒಬ್ಬರು ನಿಮ್ಮ ಅಂಗಡಿಗೆ ಬಂದು ಮಿಕ್ಸಿ ಒಯ್ಯುತ್ತಾರೆ. ಸಾಲ ತೀರಿಸಿದ ದಿನ ಇದೇ ಲೆಕ್ಕ ಉಲ್ಟಾ ನಡೆಯುತ್ತದೆ. ಅಸಲು ಬ್ಯಾಂಕಿಗೆ ಹೋದಷ್ಟೂ ಆ ಹಣ ಚಲಾವಣೆಯಿಂದ ಇಲ್ಲವಾಗುತ್ತದೆ. 2014ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನೇ ಬಿಡಿಸಿ ಬರೆದಿತ್ತು. ಅಂಗಡಿ ಲೆಕ್ಕ ಬರೆದು ಅಭ್ಯಾಸ ಇರುವ ನಿಮಗೆ ಇದು ತಟ್ಟನೆ ಹೊಳೆಯಬೇಕು.

ಹಾಗಂತ ಬ್ಯಾಂಕು ಮನಸ್ಸು ಬಂದಷ್ಟು ಸಾಲ ಬರೆಯಲು ಆಗೋದಿಲ್ಲ. ಭತ್ತದ ವರ್ತಕರ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಅವತ್ತೇ ಆ ಬ್ಯಾಂಕಿಗೆ ನಿಜವಾದ ಹಣ ದಾಟಿಸಬೇಕು. ಠೇವಣಿ ಬೇಕಾಗೋದು ಅದಕ್ಕೇ. ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. 2025ರ ಕೊನೆಯಲ್ಲಿ ಅದು ನೂರಕ್ಕೆ 4ರಿಂದ 3ಕ್ಕೆ ಇಳಿಯಿತು. ಎಲ್ಲಕ್ಕಿಂತ ಗಟ್ಟಿಯಾದ ಕಟ್ಟು ಬಂಡವಾಳದ್ದು. ನಮ್ಮ ದೇಶದಲ್ಲಿ ಸಾಮಾನ್ಯ ಸಾಲ 100 ರೂಪಾಯಿಗೆ ಬ್ಯಾಂಕು ಕನಿಷ್ಠ 11 ರೂಪಾಯಿ 50 ಪೈಸೆಯಷ್ಟು ಸ್ವಂತ ಬಂಡವಾಳ ಕಟ್ಟಿಡಬೇಕು. ಸಾಲ ಮುಳುಗಿದರೆ ಮೊದಲು ಕರಗೋದು ಅದೇ.

ನಿಮ್ಮ ಅಂಗಡಿಯ ಗಿರಾಕಿಗಳ ಅರ್ಜಿ ಯಾಕೆ ವಾಪಸ್ ಬಂತು ಅನ್ನೋದಕ್ಕೆ ಇಲ್ಲೇ ದೊಡ್ಡ ಕಾರಣ ಇದೆ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕು ಒಂದು ಆದೇಶ ಹೊರಡಿಸಿತು. ಭದ್ರತೆ ಇಲ್ಲದ ವೈಯಕ್ತಿಕ ಸಾಲ, ಕಂತಿನ ಸಾಮಾನಿನ ಸಾಲ, ಇವೆಲ್ಲ ಅತಿಯಾಗಿ ಬೆಳೀತಿವೆ ಅಂತ ಅವುಗಳ ಮೇಲಿನ ಬಂಡವಾಳದ ಭಾರವನ್ನು ಕಾಲು ಪಾಲು ಏರಿಸಿತು. ಅಂದರೆ 11.50 ಇದ್ದದ್ದು ಸುಮಾರು 14.40 ಆಯ್ತು. ಕ್ರೆಡಿಟ್ ಕಾರ್ಡ್ ಸಾಲಕ್ಕೆ ಅದಕ್ಕಿಂತ ಜಾಸ್ತಿ. ಮನೆ ಸಾಲ, ವಾಹನ ಸಾಲ, ಚಿನ್ನದ ಸಾಲವನ್ನು ಮುಟ್ಟಲಿಲ್ಲ. ಕಂತಿನ ಮೇಲೆ ಟಿ.ವಿ. ಕೊಡಿಸುವ ಫೈನಾನ್ಸ್ ಕಂಪನಿಗಳಿಗೆ ಬ್ಯಾಂಕು ಕೊಡುವ ಸಾಲವೂ ದುಬಾರಿ ಆಯ್ತು. ಅವರು ಕೈ ಬಿಗಿ ಹಿಡಿದರು. ಆ ಬಿಗಿ ಬಂದು ಮುಟ್ಟಿದ್ದು ನಿಮ್ಮ ಕೌಂಟರ್‌ನಲ್ಲಿ ಸಿಬಿಲ್ ಸ್ಕೋರ್ (ಹಳೆ ಸಾಲಗಳನ್ನು ಹೇಗೆ ಕಟ್ಟಿದ್ದಾರೆ ಅಂತ ಹೇಳುವ ಅಂಕ) ನೋಡುವ ಹುಡುಗನ ಮೊಬೈಲಿಗೆ. ಅಷ್ಟರಲ್ಲಿ ಬಡ್ಡಿಯೂ ಏರಿತ್ತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ನೂರಕ್ಕೆ 4ರಿಂದ 6.50ಕ್ಕೆ ಹೋಗಿತ್ತು.

ಫೈನಾನ್ಸ್ ಕಂಪನಿಗಳಿಗೆ ಕೊಡುವ ಸಾಲದ ಮೇಲಿನ ಹೆಚ್ಚುವರಿ ಭಾರವನ್ನು 2025ರ ಏಪ್ರಿಲ್ 1ರಿಂದ ತೆಗೆದರು. ಅದೇ ವರ್ಷ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೊ ದರ 6.50ರಿಂದ 5.25ಕ್ಕೆ ಇಳಿಯಿತು. ಬ್ಯಾಂಕಿನವರು ಈಗ ನಿಮ್ಮ ಬೆನ್ನು ಬಿದ್ದಿರೋದು ಸುಮ್ನೆ ಅಲ್ಲ. ಸಾಲದ ಬಾಗಿಲು ಮತ್ತೆ ತೆರೆದಿದೆ. ಮನೆ ಅಡಮಾನ ಇದ್ದರಂತೂ ವಸೂಲಿಯ ಚಿಂತೆ ಅವರಿಗೆ ಕಡಿಮೆ.

ಈಗ ನಿಮ್ಮ ಮಗನ ಮಾತಿಗೆ ಬರ್ತೀನಿ. ಅವನು ಹೇಳೋದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ಕಾಲೇಜಿನಲ್ಲಿ ಬಹಳ ಸಲ ಬಿಟ್ಟುಹೋಗುತ್ತದೆ. ನನಗೂ ಅದು ಅರ್ಥವಾಗಲು ವರ್ಷಗಳೇ ಬೇಕಾಯ್ತು. ಒಂದು ಲೆಕ್ಕ ಹಾಕಿ. ಇವು ಅರ್ಥವಾಗಲು ನಾನೇ ಕಟ್ಟಿದ ಅಂಕಿಗಳು, ದಾವಣಗೆರೆಯ ನಿಜ ಅಂಕಿಗಳಲ್ಲ. ಒಂದು ಊರಿನಲ್ಲಿ ಬ್ಯಾಂಕುಗಳೆಲ್ಲ ಸೇರಿ ಮೊದಲ ವರ್ಷ 100 ಕೋಟಿ ಹೊಸ ಸಾಲ ಕೊಟ್ಟವು. ಹಳೆ ಸಾಲದ ಕಂತು, ಬಡ್ಡಿ ಅಂತ 60 ಕೋಟಿ ವಾಪಸ್ ಹೋಯ್ತು. ಪೇಟೆಗೆ ಬಂದು ಉಳಿದದ್ದು 40 ಕೋಟಿ. ಎರಡನೇ ವರ್ಷವೂ 100 ಕೋಟಿ ಕೊಟ್ಟವು. ಆದರೆ ಮೊದಲ ವರ್ಷದವರ ಕಂತೂ ಸೇರಿ ಈಗ 85 ಕೋಟಿ ವಾಪಸ್ ಹೋಗುತ್ತದೆ. ಪೇಟೆಗೆ ಉಳಿದದ್ದು 15 ಕೋಟಿ. ಮೂರನೇ ವರ್ಷ ಮತ್ತೆ ಅದೇ 100 ಕೋಟಿ. ಕಂತು, ಬಡ್ಡಿ 105 ಕೋಟಿ. ಈಗ ಪೇಟೆಯಿಂದಲೇ 5 ಕೋಟಿ ಹೊರಗೆ ಹೋಯ್ತು.

ಮೂರೂ ವರ್ಷ ಬ್ಯಾಂಕು ಕೊಟ್ಟ ಸಾಲ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ. ಆದರೂ ಪೇಟೆ ಒಣಗಿತು. ಬಡ್ಡಿಯ ಒಂದಿಷ್ಟು ಪಾಲು ಬ್ಯಾಂಕ್ ನೌಕರರ ಸಂಬಳವಾಗಿ, ಠೇವಣಿದಾರರ ಬಡ್ಡಿಯಾಗಿ ಊರಿಗೇ ಬರುತ್ತದೆ, ಅದು ನಿಜ. ಆದರೆ ಲೆಕ್ಕದ ದಿಕ್ಕು ಅದರಿಂದ ಬದಲಾಗೋದಿಲ್ಲ. ಸಾಲದಿಂದ ಬೇಡಿಕೆ ಹುಟ್ಟುವುದು ಹೊಸ ಸಾಲ ಹಳೆ ಕಂತಿಗಿಂತ ಜಾಸ್ತಿ ಇರುವ ತನಕ ಮಾತ್ರ. 2022ರಲ್ಲಿ ನಿಮ್ಮ ಅಂಗಡಿಗೆ ಬಂದ ಏಳು ಕಂತಿನ ಗಿರಾಕಿಗಳನ್ನು ನೆನಪಿಸಿಕೊಳ್ಳಿ. ಅವರು ಅವತ್ತು ಖರ್ಚು ಮಾಡಿದ್ದು ಮುಂದಿನ ಹದಿನೆಂಟು ತಿಂಗಳ ದುಡಿಮೆಯನ್ನು. ಆಮೇಲೆ ಅವರ ಕೈ ಬಿಗಿಯಾಗಿದ್ದರಲ್ಲಿ ಆಶ್ಚರ್ಯ ಇಲ್ಲ. ಅರ್ಜಿ ವಾಪಸ್ ಬಂದಿದ್ದು ರಿಸರ್ವ್ ಬ್ಯಾಂಕಿನ ಆದೇಶದಿಂದ ಮಾತ್ರ ಅಲ್ಲ, ಬಹಳ ಜನರ ಕೈಯಲ್ಲಿ ಆಗಲೇ ನಾಲ್ಕೈದು ಕಂತು ಇದ್ದವು.

ಹಾಗಾದರೆ ಸಾಲದಿಂದ ಊರು ಬೆಳೆಯೋದೇ ಇಲ್ವಾ? ಬೆಳೆಯುತ್ತದೆ. ಆ ಸಾಲ ಎಲ್ಲಿಗೆ ಹೋಯ್ತು ಅನ್ನೋದರ ಮೇಲೆ ಅದು ನಿಂತಿದೆ. ನಾನು ಮಂಜೂರು ಮಾಡಿದ ಸಾಲಗಳಲ್ಲಿ ಇವತ್ತಿಗೂ ಖುಷಿ ಕೊಡೋದು ಒಂದು ಮೆಕ್ಕೆಜೋಳದ ಗೋದಾಮಿನದು, ಅದರ ಜೊತೆ ಒಂದು ಒಣಗಿಸುವ ಯಂತ್ರದ್ದು. ಮಳೆಗಾಲದ ಕೊನೆಯಲ್ಲಿ ಕಟಾವಾದ ಜೋಳ ಹಸಿ ಇರುತ್ತದೆ. ತೇವ ಜಾಸ್ತಿ ಇದ್ದರೆ ದರ ಕಡಿಯುತ್ತಾರೆ. ಆ ಯಂತ್ರ ಬಂದ ಮೇಲೆ ಸುತ್ತಲಿನ ಹಳ್ಳಿಗಳ ಹತ್ತಾರು ರೈತರು ಒಣಗಿಸಿ, ಕಾದು, ಮಾರುವ ಹಾಗಾಯ್ತು. ಆ ಸಾಲದ ಕಂತನ್ನು ಆ ಸಾಲವೇ ದುಡಿದು ಕಟ್ಟಿತು. ಅಲ್ಲಿ ಕೆಲಸ ಮಾಡುವವರ ಕೂಲಿ ಕಂತು ಮುಗಿದ ಮೇಲೂ ಊರಲ್ಲಿ ಉಳಿಯಿತು.

ಅದೇ ಹೊತ್ತಿಗೆ ಊರ ಹೊರಗಿನ ಲೇಔಟ್‌ಗಳಲ್ಲಿ ಸೈಟು ಕೊಳ್ಳಲೂ ಸಾಲ ಹೋಗುತ್ತಿತ್ತು. ಅದರಲ್ಲಿ ಏನಾಗುತ್ತದೆ ನೋಡಿ. ಕೊಂಡವರಿಂದ ಮಾರಿದವರಿಗೆ ದುಡ್ಡು ದಾಟಿತು. ಅದೇ ದುಡ್ಡಲ್ಲಿ ಅವರು ಇನ್ನೊಂದು ಸೈಟು ಕೊಂಡರು. ದರ ಏರಿತು. ದರ ಏರಿದ್ದಕ್ಕೆ ಮುಂದಿನವರಿಗೆ ಇನ್ನೂ ದೊಡ್ಡ ಸಾಲ ಬೇಕಾಯ್ತು. ಅಲ್ಲಿ ಮನೆ ಕಟ್ಟಿದ್ದರೆ ಗಾರೆ ಕೆಲಸದವರಿಗೆ, ಇಟ್ಟಿಗೆ ಭಟ್ಟಿಗೆ, ಕೊನೆಗೆ ನಿಮಗೂ ವ್ಯಾಪಾರ ಆಗುತ್ತಿತ್ತು. ಬರೀ ಸೈಟು ಕೈ ಬದಲಾದರೆ ಊರಲ್ಲಿ ಒಂದು ಚೀಲ ಸಿಮೆಂಟೂ ಖರ್ಚಾಗೋದಿಲ್ಲ. ಕಂತು ಮಾತ್ರ ಪ್ರತಿ ತಿಂಗಳು ಹೋಗುತ್ತದೆ.

ಟಿ.ವಿ., ಮೊಬೈಲು, ಮದುವೆ ಖರ್ಚಿನ ಸಾಲ ಈ ಎರಡರ ನಡುವೆ ಬರುತ್ತದೆ. ಇವತ್ತು ವ್ಯಾಪಾರ ಕೊಡುತ್ತದೆ, ನಾಳೆಯದನ್ನು ಮುಂಚೆಯೇ ತಿಂದಿರುತ್ತದೆ.

ನಿಮ್ಮ ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಗಿರಣಿಗಳು ಒಂದೊಂದಾಗಿ ನಿಂತಾಗ ಸಂಬಳ ನಿಂತ ಮನೆಗಳನ್ನು ಅವರು ಕಣ್ಣಾರೆ ನೋಡಿದ್ದಾರೆ. ಹಳೆಯ ಯಂತ್ರ, ಪವರ್‌ಲೂಮ್‌ಗಳ ಪೈಪೋಟಿ, ಕೂಲಿ ತಕರಾರು, ಕೊಳ್ಳುವವರ ಅಭಿರುಚಿ ಬದಲಾಗಿದ್ದು, ಇವು ದೇಶದ ಎಷ್ಟೋ ಹತ್ತಿ ಗಿರಣಿಗಳನ್ನು ಮುಳುಗಿಸಿದವು. ಅಂಥ ಕಡೆ ಸಾಲ ಸುರಿದರೆ ಸಾಲ ಮಾತ್ರ ಬೆಳೆಯುತ್ತದೆ. ಮಾಲು ಕೊಳ್ಳುವವರು ಇಲ್ಲದಿದ್ದರೆ ಬ್ಯಾಂಕು ಗಿರಾಕಿಯನ್ನು ಹುಟ್ಟಿಸಲು ಆಗೋದಿಲ್ಲ. ಇಡೀ ದೇಶವೂ ಇದನ್ನು ಇನ್ನೊಂದು ರೀತಿ ಅನುಭವಿಸಿತು. 2008ರ ಆಸುಪಾಸಿನಲ್ಲಿ ದೊಡ್ಡ ಕಂಪನಿಗಳಿಗೆ ಕೊಟ್ಟ ಸಾಲಗಳು ಮುಂದೆ ಕೆಟ್ಟವು. 2018ರ ಹೊತ್ತಿಗೆ ಬ್ಯಾಂಕುಗಳ ವಸೂಲಾಗದ ಸಾಲ ನೂರಕ್ಕೆ 11ರ ಹತ್ತಿರ ಬಂತು. ಆಗ ಬ್ಯಾಂಕುಗಳು ಒಳ್ಳೆಯ ಸಣ್ಣ ಉದ್ದಿಮೆಗೂ ಸಾಲ ಕೊಡಲು ಹಿಂಜರಿದವು. ಆ ದಿನಗಳಲ್ಲಿ ನನ್ನ ಕೈಯಿಂದಲೇ ಕೆಲವು ಒಳ್ಳೆಯ ಫೈಲುಗಳು ವಾಪಸ್ ಹೋದವು. ಮೇಲಿನಿಂದ ಬಂದ ಸೂಚನೆ ಹಾಗಿತ್ತು. ಆ ಜನರ ಮುಖ ಈಗಲೂ ನೆನಪಾಗುತ್ತದೆ. ಯಾರೋ ದೊಡ್ಡವರು ಮುಳುಗಿಸಿದ ಸಾಲದ ಬೆಲೆಯನ್ನು ಸಣ್ಣವರು ತೆತ್ತರು.

ಇನ್ನು ಠೇವಣಿ ಬೆಂಗಳೂರಿಗೆ ಹೋಗುತ್ತೆ ಅನ್ನೋ ದೂರು. ನೋಟಿನ ಕಂತೆ ಕಟ್ಟಿ ಯಾರೂ ಒಯ್ಯೋದಿಲ್ಲ. ಆದರೆ ಈ ದೂರಿನ ಹಿಂದೆ ಒಂದು ನಿಜವಾದ ನೋವಿದೆ. ಸಾಲ ಯಾರಿಗೆ ಕೊಡಬೇಕು ಅನ್ನೋ ತೀರ್ಮಾನ ಊರಿನಿಂದ ದೂರ ಹೋಗಿದೆ. ನಾನು ಸೇರಿದ ಕಾಲದಲ್ಲಿ ಮ್ಯಾನೇಜರ್ ಮಂಡಿಪೇಟೆಗೆ ನಡೆದುಕೊಂಡು ಹೋಗಿ, ಮಾಲು ಎಷ್ಟಿದೆ, ಹಮಾಲರು ಎಷ್ಟು ಜನ ಇದ್ದಾರೆ, ಪಕ್ಕದ ಅಂಗಡಿಯವರು ಏನಂತಾರೆ ಅಂತ ನೋಡಿಕೊಂಡು ಬರುತ್ತಿದ್ದರು. ಈಗ ದೇಶದ ಬ್ಯಾಂಕ್ ಸಾಲದಲ್ಲಿ ನೂರಕ್ಕೆ ಸುಮಾರು 40ರಷ್ಟು ಖಾಸಗಿ ಬ್ಯಾಂಕುಗಳದು. ಅವುಗಳಲ್ಲಿ ಹೆಚ್ಚಿನ ಫೈಲುಗಳು ದೊಡ್ಡ ಊರಿನ ಕೇಂದ್ರವೊಂದಕ್ಕೆ ಹೋಗುತ್ತವೆ. ಅಲ್ಲಿ ಕೂತವರು ನೋಡೋದು ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಿಬಿಲ್ ಸ್ಕೋರ್. ಸಂಬಳದವರು ಅಲ್ಲಿ ಚೆನ್ನಾಗಿ ಕಾಣುತ್ತಾರೆ. ಉದ್ರಿ, ನಗದಿನಲ್ಲಿ ವ್ಯವಹಾರ ಮಾಡುವ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿಯವರು, ಭಟ್ಟಿಯವರು ಕಾಣೋದೇ ಇಲ್ಲ. ಖಾಸಗಿ ಬ್ಯಾಂಕೂ ತನ್ನ ಸಾಲದಲ್ಲಿ ನೂರಕ್ಕೆ 40ರಷ್ಟನ್ನು ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ಕೊಡಲೇಬೇಕು. ಆದರೆ ಆ ಲೆಕ್ಕ ನೋಡೋದು ಇಡೀ ಬ್ಯಾಂಕಿಗೆ, ಒಂದೊಂದು ಊರಿಗೆ ಅಲ್ಲ. ನಿಮ್ಮ ಮಟ್ಟಿಗೆ ಇದರಿಂದ ಕೈಗೆ ಸಿಗುವ ಪಾಠ ಚಿಕ್ಕದು. ಮಾರಾಟದ ದುಡ್ಡನ್ನೆಲ್ಲ ಒಂದೇ ಚಾಲ್ತಿ ಖಾತೆಯ ಮೂಲಕ ಓಡಿಸಿ.

ಈಗ ನಿಮ್ಮ 25 ಲಕ್ಷ. ಬಡ್ಡಿ ಎಷ್ಟು ಅಂತ ನೀವು ಬರೆದಿಲ್ಲ. ವರ್ಷಕ್ಕೆ 11ರಂತೆ, 10 ವರ್ಷಕ್ಕೆ ಅಂತ ಇಟ್ಟುಕೊಂಡರೆ ತಿಂಗಳ ಕಂತು ಸುಮಾರು 34,400 ರೂಪಾಯಿ. ಒಟ್ಟು ಕಟ್ಟೋದು 41 ಲಕ್ಷ ದಾಟುತ್ತದೆ. ನಿಮ್ಮ ವ್ಯಾಪಾರದಲ್ಲಿ ನೂರಕ್ಕೆ 10 ರೂಪಾಯಿ ಉಳಿಯುತ್ತೆ ಅಂದುಕೊಂಡರೆ, ಬರೀ ಕಂತಿಗೇ ಹೊಸ ಅಂಗಡಿಯಲ್ಲಿ ತಿಂಗಳಿಗೆ 3 ಲಕ್ಷ 44 ಸಾವಿರದ ಮಾರಾಟ ಬೇಕು. ಬಾಡಿಗೆ, ಹುಡುಗರ ಸಂಬಳ, ಕರೆಂಟು ಆಮೇಲೆ. ಎರಡನೇ ಅಂಗಡಿಯ ಗಿರಾಕಿಗಳಲ್ಲಿ ಎಷ್ಟು ಜನ ಮೊದಲ ಅಂಗಡಿಯಿಂದಲೇ ಬಂದವರು ಅನ್ನೋದನ್ನೂ ಯೋಚಿಸಿ.

ನನಗೆ ಇದರಲ್ಲಿ ಕಾಣುವ ದೊಡ್ಡ ಅಪಾಯ ಇದು. ನಿಮ್ಮ ಗಿರಾಕಿ ಸಾಲದಲ್ಲಿ ಕೊಳ್ಳುತ್ತಾನೆ, ನೀವು ಸಾಲದಲ್ಲಿ ಅಂಗಡಿ ಹಾಕ್ತೀರಿ. ಬ್ಯಾಂಕುಗಳು ಕೈ ಬಿಗಿ ಮಾಡಿದ ತಿಂಗಳು ಗಿರಾಕಿಯೂ ನಿಲ್ಲುತ್ತಾನೆ, ನಿಮ್ಮ ಕಂತು ಮಾತ್ರ ನಿಲ್ಲೋದಿಲ್ಲ. ಜೊತೆಗೆ ನಮ್ಮ ಕಡೆಯ ದುಡಿಮೆ ಬೆಳೆಯ ಮೇಲೆ ನಿಂತಿದೆ. 2025ರ ಹಂಗಾಮಿನಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಾಯ್ತು. ಬಡ್ಡಿ ಎಷ್ಟೇ ಇಳಿದರೂ ಆ ರೈತರ ಮನೆಗೆ ಆ ವರ್ಷ ಹೊಸ ಫ್ರಿಜ್ ಬರೋದು ಕಷ್ಟ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದ ಬಿಲ್ಲುಗಳನ್ನು ಬೇರೆ ಮಾಡಿ. ನಗದು, ಯುಪಿಐ ಒಂದು ಕಡೆ, ಕಂತಿನವು ಇನ್ನೊಂದು ಕಡೆ. ಮಗನಿಗೆ ಕೊಡಿ, ಒಂದು ಭಾನುವಾರದಲ್ಲಿ ಮುಗಿಸುತ್ತಾನೆ. ಕಂತಿನ ವ್ಯಾಪಾರ ಅರ್ಧಕ್ಕೆ ಇಳಿದರೂ ಈಗಿನ ಅಂಗಡಿಯ ಆದಾಯದಿಂದಲೇ 34,400 ಕಟ್ಟಲು ಆಗುತ್ತದಾ ನೋಡಿ. ಆಗುತ್ತದೆ ಅಂದರೆ ಎರಡನೇ ಅಂಗಡಿಯ ಮಾತು ಮುಂದುವರಿಸಬಹುದು. ಆಗೋದಿಲ್ಲ ಅಂದರೆ ಇಲ್ಲೇ ನಿಲ್ಲಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮನೆ ಅಡ ಇಡುತ್ತಿರಲಿಲ್ಲ. ಈಗಿನ ಅಂಗಡಿಯ ಸ್ಟಾಕ್ ಮೇಲೆ ಒಂದು ಸಣ್ಣ ಸಿ.ಸಿ. (ಕ್ಯಾಶ್ ಕ್ರೆಡಿಟ್) ಲಿಮಿಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲ, ಕೇಳುತ್ತಿದ್ದೆ. ಯುಗಾದಿ, ದೀಪಾವಳಿಗೆ ಮಾಲು ತುಂಬಿಸಿ, ಮಾರಿದ ಮೇಲೆ ಕಟ್ಟಿದರೆ ಬಳಸಿದ ದಿನಗಳಿಗೆ, ಬಳಸಿದ ಹಣಕ್ಕೆ ಮಾತ್ರ ಬಡ್ಡಿ. ಬೇಸಿಗೆಯ ಮುಂಚೆ ಕೂಲರ್, ಎ.ಸಿ. ತರಿಸಲೂ ಅದು ಸಾಕಾಗುತ್ತದೆ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2021ರಿಂದ ಚಿಲ್ಲರೆ ವ್ಯಾಪಾರಿಗಳಿಗೂ ಅದು ಸಿಗುತ್ತದೆ. ಆಸ್ತಿ ಅಡ ಇಡದೆ ಸಾಲ ಸಿಗುವಂತೆ ಮಾಡುವ ಸರ್ಕಾರಿ ಗ್ಯಾರಂಟಿ ಯೋಜನೆ ಇದೆ, ಸಿಜಿಟಿಎಂಎಸ್‌ಇ ಅಂತ. ಮ್ಯಾನೇಜರ್ ತಾವಾಗೇ ಹೇಳದಿದ್ದರೆ ನೀವೇ ಬಾಯಿ ಬಿಟ್ಟು ಕೇಳಿ. ಸಿ.ಸಿ.ಯಲ್ಲೂ ಅಪಾಯ ಇಲ್ಲದಿಲ್ಲ. ವರ್ಷ ವರ್ಷ ನವೀಕರಣ ಆಗಬೇಕು. ಸ್ಟಾಕ್ ಇಳಿದರೆ ತೆಗೆಯಬಹುದಾದ ಹಣವೂ ಇಳಿಯುತ್ತದೆ. ಅದರಿಂದ ಮನೆ ರಿಪೇರಿಗೋ ಮದುವೆಗೋ ತೆಗೆದು, ಮತ್ತೆ ತುಂಬಿಸಲಾಗದೆ ಒದ್ದಾಡಿದವರು ನನ್ನ ಬಳಿ ಬಹಳ ಜನ ಬಂದಿದ್ದರು. ಅದು ಮಾಲಿನ ದುಡ್ಡು, ಮಾಲಿಗೇ ಇರಲಿ. ಸಾಲವೇ ಬೇಡ ಅನ್ನೋದೂ ಒಂದು ದಾರಿ. ಓಡದ ಮಾಡೆಲ್‌ಗಳನ್ನು ಅಸಲಿಗೆ ಮಾರಿ, ಉದ್ರಿ ವಸೂಲಿ ಮಾಡಿ, ರಿಪೇರಿ ಸರ್ವಿಸ್ ಶುರು ಮಾಡಿದರೆ ಗಲ್ಲಾಕ್ಕೆ ದುಡ್ಡು ಬರುತ್ತದೆ. ಜನ ಹೊಸದು ಕೊಳ್ಳದ ವರ್ಷ ಹಳೆಯದನ್ನು ರಿಪೇರಿ ಮಾಡಿಸುತ್ತಾರೆ. ಇದರಲ್ಲಿ ಕಳೆದುಕೊಳ್ಳೋದು ಅಂದರೆ, ಒಳ್ಳೆಯ ಜಾಗದ ಅಂಗಡಿ ಬೇರೆಯವರ ಪಾಲಾಗಬಹುದು ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಅಡಮಾನ ಸಾಲವನ್ನೇ ತಗೊಳ್ಳುವ ತೀರ್ಮಾನ ಮಾಡಿದರೆ, ಬ್ಯಾಂಕಿನವರ ಹತ್ತಿರ ಸಾಲದ ಮುಖ್ಯ ಮಾಹಿತಿ ಪತ್ರ ಕೇಳಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಅದನ್ನು ಕೊಡೋದು ಕಡ್ಡಾಯ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. ಪ್ರೊಸೆಸಿಂಗ್ ಫೀ, ವಿಮೆ ಎಲ್ಲ ಸೇರಿಸಿ ನಿಜವಾದ ವಾರ್ಷಿಕ ದರ ಎಷ್ಟು ಅಂತ ಅದರಲ್ಲಿ ಇರುತ್ತದೆ. ಬಡ್ಡಿ ರೆಪೊ ಜೊತೆ ಏರಿಳಿಯುತ್ತದಾ, ಅದರ ಮೇಲೆ ಬ್ಯಾಂಕಿನ ಪಾಲು ಎಷ್ಟು ಅಂತ ಬರೆಸಿಕೊಳ್ಳಿ. 2026ರ ಜನವರಿ 1ರಿಂದ ಮಂಜೂರಾದ ಏರಿಳಿಯುವ ಬಡ್ಡಿಯ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ, ವ್ಯಕ್ತಿಗಳಿಂದ, ಸಣ್ಣ ಉದ್ದಿಮೆಯವರಿಂದ ವಾಣಿಜ್ಯ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಸಣ್ಣ ಹಣಕಾಸು ಬ್ಯಾಂಕುಗಳಿಗೆ ನಿಯಮ ಸ್ವಲ್ಪ ಬೇರೆ ಇದೆ, ಅಂಥ ಬ್ಯಾಂಕಾಗಿದ್ದರೆ ಕೇಳಿ ತಿಳಿದುಕೊಳ್ಳಿ.

ಮನೆ ನಿಮ್ಮ ಹೆಂಡತಿಯವರ ಹೆಸರಲ್ಲಿದೆ ಅಂತ ಬರೆದಿದ್ದೀರಿ. ಹಾಗಾದರೆ ಅವರ ಸಹಿ ಇಲ್ಲದೆ ಈ ಸಾಲ ಆಗೋದಿಲ್ಲ. ಕಂತು ತಪ್ಪಿದರೆ ಸಿಬಿಲ್‌ನಲ್ಲಿ ಅವರ ಹೆಸರೂ ಕೆಡುತ್ತದೆ. 90 ದಿನ ದಾಟಿದರೆ ನೋಟಿಸು ಅವರ ಹೆಸರಿಗೇ ಬರುತ್ತದೆ. ಸಹಿ ಹಾಕಿಸಲು ಎಷ್ಟೋ ಸಲ ಹೆಣ್ಣುಮಕ್ಕಳನ್ನು ಕೊನೆಯ ದಿನ ಬ್ಯಾಂಕಿಗೆ ಕರೆತರುತ್ತಿದ್ದರು. ಏನು ಬರೆದಿದೆ ಅಂತ ಅವರು ನನ್ನನ್ನೇ ಕೇಳುತ್ತಿದ್ದರು. ಆ ಮಾಹಿತಿ ಪತ್ರವನ್ನೂ ಮಗ ಮಾಡಿದ ಬಿಲ್ಲಿನ ಲೆಕ್ಕವನ್ನೂ ಈ ವಾರವೇ ಅವರ ಮುಂದೆ ಇಟ್ಟು, ಅವರು ಏನಂತಾರೆ ಕೇಳಿ.